ಹಿಸ್ಟರಿ ಓದಿ ಏನು ಮಾಡ್ತೀಯಾ? ಹಾಸನ, ಚಿಕ್ಕಮಗಳೂರಿನ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವರಿಗೆ ಪೋಷಕರ ಸಭೆಯ ದಿನ ಆರಾಮ. ಗಣಿತದ ಮೇಷ್ಟ್ರ ಮುಂದೆ ಉದ್ದ ಸಾಲು ಇರುತ್ತದೆ, ನಮ್ಮ ಮುಂದೆ ಖಾಲಿ ಕುರ್ಚಿ. ಬಂದ ಒಬ್ಬಿಬ್ಬರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಹಾಸನದ ಕಡೆ, ಚಿಕ್ಕಮಗಳೂರಿನ ಕಡೆ ಕೇಳಿದ್ದನ್ನೆಲ್ಲ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಮಕ್ಕಳು ಕೇಳಿದ್ದೂ ಕೆಲವು ಇವೆ. ಉತ್ತರ ಹೇಳಲು ಜಾಸ್ತಿ ಕಷ್ಟ ಆಗಿದ್ದು ಅವಕ್ಕೇ.

ಆಗಿ ಹೋದದ್ದನ್ನು ಈಗ ತಿಳಿದುಕೊಂಡು ಏನಾಗಬೇಕು?

ಹಿಂದಿನವರ ತಪ್ಪಿನಿಂದ ಪಾಠ ಕಲಿಯಬೇಕು ಅಂತ ಭಾಷಣಗಳಲ್ಲಿ ಹೇಳುತ್ತಾರೆ. ನನಗೆ ಆ ಮಾತಿನ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಹಾಗೆ ಪಾಠ ಕಲಿತವರನ್ನು ಹುಡುಕಿದರೆ ಸಿಗುವುದು ಅಪರೂಪ. ನಾನು ಹೇಳುವ ಉತ್ತರ ಚಿಕ್ಕದು. "ಇದು ನಿನಗೆ ಹೇಗೆ ಗೊತ್ತು?" ಎಂದು ಕೇಳುವ ಅಭ್ಯಾಸ ಶಾಲೆಯಲ್ಲಿ ಚೆನ್ನಾಗಿ ಬೆಳೆಯುವುದು ಇತಿಹಾಸದ ತರಗತಿಯಲ್ಲಿ.

ಗಣಿತದಲ್ಲಿ ಉತ್ತರ ಸರಿಯೋ ತಪ್ಪೋ ಅಲ್ಲೇ ತಿಳಿಯುತ್ತದೆ. ವಿಜ್ಞಾನದಲ್ಲಿ ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡಬಹುದು. ಆದರೆ ವಿಷ್ಣುವರ್ಧನನ ಕಾಲವನ್ನು ಇನ್ನೊಮ್ಮೆ ನಡೆಸಿ ನೋಡಲು ಆಗುತ್ತಾ? ಉಳಿದಿರುವುದು ಕಲ್ಲು, ಕಡತ, ಜನರ ಬಾಯಿಮಾತು. ಅವು ಒಂದಕ್ಕೊಂದು ತಾಳೆ ಆಗದೆಯೂ ಇರಬಹುದು. ಆಗ ಯಾವುದನ್ನು ಎಷ್ಟು ನಂಬಬೇಕು ಅಂತ ತೂಗಿ ನೋಡಬೇಕು. ಜಮೀನಿನ ವ್ಯಾಜ್ಯ ಕಂಡವರಿಗೆ ಇದು ಹೊಸದೇನಲ್ಲ. ಪಹಣಿಯಲ್ಲಿ ಒಂದು ಹೆಸರು, ಕ್ರಯಪತ್ರದಲ್ಲಿ ಇನ್ನೊಂದು, ಊರಿನವರು ಹೇಳುವುದು ಮೂರನೆಯದು.

ಇದನ್ನು ಕಲಿಯಲು ನಮ್ಮ ಎರಡು ಜಿಲ್ಲೆಗಳಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಇಲ್ಲಿ ಸಾಕ್ಷಿ ಊರ ಬಾಗಿಲಲ್ಲೇ ನಿಂತಿರುತ್ತದೆ.

ಇಸವಿಗಳನ್ನು ಬಾಯಿಪಾಠ ಮಾಡಲೇಬೇಕಾ?

ಎಲ್ಲವನ್ನೂ ಬೇಡ. ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಿದ್ದರೆ ಮುಕ್ಕಾಲು ಪಾಲು ಕೆಲಸ ಆಯಿತು. ಹಲ್ಮಿಡಿ ಶಾಸನ ಸುಮಾರು 450. ಶ್ರವಣಬೆಳಗೊಳದ ಗೊಮ್ಮಟ ಸುಮಾರು 981. ಬೇಲೂರು 1117. ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ, ಅಂದರೆ ಈಗಿನ ಹಳೇಬೀಡಿಗೆ, ಬಂದದ್ದು 1311. ಸಕಲೇಶಪುರದ ಹತ್ತಿರ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ 1792. ಇಷ್ಟು ಗೂಟ ನೆಟ್ಟುಕೊಂಡರೆ ಉಳಿದದ್ದನ್ನು ನಡುವೆ ಸೇರಿಸಬಹುದು.

ಆದರೆ ಇಸವಿ ಎಲ್ಲಿಂದ ಬಂತು ಎಂದು ತೋರಿಸಿದರೆ ಮಕ್ಕಳಿಗೆ ಅದು ಮರೆಯುವುದೇ ಇಲ್ಲ. ಬೇಲೂರಿನ ಶಾಸನದಲ್ಲಿ 1117 ಅಂತ ಎಲ್ಲೂ ಬರೆದಿಲ್ಲ. ಅಲ್ಲಿರುವುದು ಶಕ ವರ್ಷ 1039, ಹೇವಿಳಂಬಿ ಸಂವತ್ಸರ. ಶಕ ವರ್ಷಕ್ಕೆ 78 ಕೂಡಿಸಿ ಎಂದರೆ ಹುಡುಗರೇ 1117 ಅಂತಾರೆ. ಈಗ ಅದು ಸರಿಯಾ ಅಂತ ನೋಡಬೇಕಲ್ಲ? 2017ರ ಯುಗಾದಿಗೆ ಬಂದ ಸಂವತ್ಸರ ಯಾವುದು ಅಂತ ಮನೆಯ ಹಳೇ ಪಂಚಾಂಗದಲ್ಲಿ ನೋಡಿಕೊಂಡು ಬನ್ನಿ ಎನ್ನುತ್ತೇನೆ. ಅದೂ ಹೇವಿಳಂಬಿಯೇ. 2017ರಲ್ಲಿ 1117 ಕಳೆದರೆ 900. ಸಂವತ್ಸರಗಳ ಒಂದು ಸುತ್ತು 60 ವರ್ಷ. ಸರಿಯಾಗಿ 15 ಸುತ್ತು, ಶೇಷ ಸೊನ್ನೆ. ಎರಡು ಬೇರೆ ಬೇರೆ ಲೆಕ್ಕ ಒಂದೇ ಕಡೆ ಬಂದು ನಿಂತಾಗ ತರಗತಿಯಲ್ಲಿ ಏಳುವ ಗದ್ದಲ ಕೇಳಬೇಕು. ಶಾಸನದ ತಾರೀಖನ್ನು ವಿದ್ವಾಂಸರು ತಾಳೆ ನೋಡುವುದೂ ಹೀಗೇ. ಅವರು ತಿಥಿ, ವಾರ, ಗ್ರಹಣವನ್ನೂ ಸೇರಿಸಿ ನೋಡುತ್ತಾರೆ, ಅಷ್ಟೇ.

ಸಳ ಹುಲಿ ಹೊಡೆದದ್ದು, ಜಕಣಾಚಾರಿಯ ಕಪ್ಪೆ, ಇವೆಲ್ಲ ಸುಳ್ಳಾ?

ಈ ಪ್ರಶ್ನೆ ಕೇಳುವಾಗ ಮಕ್ಕಳ ಮುಖ ಸಣ್ಣಗಾಗಿರುತ್ತದೆ. ಸುಳ್ಳು ಅಂತ ಒಂದೇ ಏಟಿಗೆ ಹೇಳಬೇಡಿ. ಕಥೆ ಮೊದಲು ಎಲ್ಲಿ ಸಿಗುತ್ತದೆ ಎಂದು ಹುಡುಕಲು ಹೇಳಿ.

ಸಳನ ಕಥೆ ನಡೆದದ್ದು ಸೊಸೆವೂರಿನಲ್ಲಿ ಅಂತಾರೆ. ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಅದು. ವಾಸಂತಿಕಾ ದೇವಿಯ ಗುಡಿ ಇವತ್ತಿಗೂ ಅಲ್ಲಿದೆ. ಆದರೆ "ಹೊಯ್ ಸಳ" ಎಂದು ಮುನಿ ಕೂಗಿದ ಕಥೆ ಶಾಸನಗಳಲ್ಲಿ ಕಾಣಿಸಿಕೊಳ್ಳುವುದು 12ನೇ ಶತಮಾನದಲ್ಲಿ, ವಿಷ್ಣುವರ್ಧನನ ಹೊತ್ತಿಗೆ. ಅಷ್ಟರಲ್ಲಿ ಹೊಯ್ಸಳ ಮನೆತನ ಬೆಟ್ಟ ಇಳಿದು ಬಂದು ದೊಡ್ಡದಾಗಿತ್ತು. ದೊಡ್ಡವರಾದ ಮೇಲೆ ಮನೆತನಕ್ಕೆ ಒಂದು ಮೂಲಕಥೆ ಬೇಕಾಗುತ್ತದೆ. ಹಾಗಾದರೆ ಆ ಕಥೆ ಸಳನ ಬಗ್ಗೆ ಹೇಳುವುದಕ್ಕಿಂತ ಜಾಸ್ತಿ ಹೇಳುವುದು ಅದನ್ನು ಕೆತ್ತಿಸಿದವರ ಬಗ್ಗೆ. ಅವರು ತಮ್ಮನ್ನು ಹೇಗೆ ಕಾಣಿಸಿಕೊಳ್ಳಲು ಬಯಸಿದರು ಎನ್ನುವುದು ಗಟ್ಟಿ ಇತಿಹಾಸವೇ.

ಜಕಣಾಚಾರಿಯ ಕಥೆ ಇದಕ್ಕಿಂತ ಬೇರೆ. ಬೇಲೂರಿನ ವಿಗ್ರಹಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ. ಅವುಗಳಲ್ಲಿ ಜಕಣಾಚಾರಿಯ ಹೆಸರು ಸಿಕ್ಕಿಲ್ಲ. ನನಗೆ ಇಲ್ಲಿ ಬೇಜಾರಾಗುವುದು ಒಂದೇ ವಿಷಯಕ್ಕೆ. ಕಥೆಯ ಜಕಣಾಚಾರಿ ಎಲ್ಲರಿಗೂ ಗೊತ್ತು, ಸಹಿ ಹಾಕಿ ಹೋದ ದಾಸೋಜ ಯಾರಿಗೂ ಗೊತ್ತಿಲ್ಲ. ಕಪ್ಪೆ ಚೆನ್ನಿಗರಾಯನ ಮುಂದೆ ನಿಂತು ಕಥೆ ಕೇಳಿದ ಮೇಲೆ ಮದನಿಕೆಯರ ಕಾಲ ಬುಡದತ್ತ ಒಮ್ಮೆ ಕಣ್ಣು ಹಾಯಿಸಿ.

ತರೀಕೆರೆ ಕಡೆಯವರಿಗೆ ಇನ್ನೂ ಒಳ್ಳೆಯ ಒಗಟು ಇದೆ. ಅಮೃತಾಪುರದ ಅಮೃತೇಶ್ವರ ದೇವಸ್ಥಾನ 1196ರದ್ದು. ಎರಡನೇ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ್ದು. ಅಲ್ಲಿ ಕೆಲಸ ಮಾಡಿದವರಲ್ಲಿ ರೂವಾರಿ ಮಲ್ಲಿತಮ್ಮ ಒಬ್ಬ. ಅದೇ ಹೆಸರು 60ಕ್ಕೂ ಹೆಚ್ಚು ವರ್ಷ ಆಮೇಲೆ ಕಟ್ಟಿದ ಸೋಮನಾಥಪುರದಲ್ಲೂ ಇದೆ. ಒಬ್ಬನೇ ಮನುಷ್ಯನಾ, ಅಜ್ಜನ ಹೆಸರಿಟ್ಟುಕೊಂಡ ಮೊಮ್ಮಗನಾ? ಶುರು ಮಾಡಿದಾಗ 15 ವರ್ಷ ಇದ್ದಿದ್ದರೆ ಮುಗಿಸುವಾಗ ಎಷ್ಟು? ಎಂಟನೇ ಕ್ಲಾಸಿನವರು ಇದರ ಮೇಲೆ ಒಂದು ಪೀರಿಯಡ್ ಪೂರ್ತಿ ಜಗಳ ಆಡಬಲ್ಲರು. ಆಡಲಿ ಬಿಡಿ.

ಬಾಬಾ ಬುಡನ್ ಏಳು ಕಾಫಿ ಬೀಜ ತಂದದ್ದು?

ಜನ ನಂಬಿಕೊಂಡು ಬಂದ ಮಾತು ಅದು. 1670ರ ಸುಮಾರಿಗೆ, ಯಮನ್‌ನ ಮೋಕಾದಿಂದ ಎಂದು ಹೇಳುತ್ತಾರೆ. ಬೀಜ ಎಣಿಸಿದವರು ಯಾರೂ ಇಲ್ಲ. ಮೆಕ್ಕಾ ಯಾತ್ರೆ, ಅರಬ್ ಬಂದರು, ಪಶ್ಚಿಮ ಕರಾವಳಿಯ ವ್ಯಾಪಾರ ಇವೆಲ್ಲ ಇದ್ದದ್ದು ನಿಜ. ಆದ್ದರಿಂದ ಕಥೆ ನಡೆದಿರಲು ಸಾಧ್ಯ ಅಷ್ಟೇ. ಸಾಧ್ಯ ಇದೆ ಎನ್ನುವುದಕ್ಕೂ ಸಾಕ್ಷಿ ಇದೆ ಎನ್ನುವುದಕ್ಕೂ ಇರುವ ದೂರ ಮಕ್ಕಳಿಗೆ ಗೊತ್ತಾಗಬೇಕು. ತೋಟಗಳು ದೊಡ್ಡ ಪ್ರಮಾಣದಲ್ಲಿ ಎದ್ದದ್ದು 19ನೇ ಶತಮಾನದಲ್ಲಿ. ಅದಕ್ಕೆ ಕಾಗದಪತ್ರದ ಆಧಾರ ಬೇಕಾದಷ್ಟಿದೆ.

ಇತಿಹಾಸ ಅಂದರೆ ರಾಜರದ್ದೇ ತಾನೆ? ನಮ್ಮಂಥವರು ಎಲ್ಲಿದ್ದಾರೆ?

ಪಠ್ಯಪುಸ್ತಕ ನೋಡಿದರೆ ಹಾಗೆ ಅನಿಸುವುದು ಸಹಜ. ಊರಾಚೆ ಹೋಗಿ ನೋಡಿ, ಬೇರೆ ಥರ ಕಾಣುತ್ತದೆ.

ಅರಸೀಕೆರೆ ಕಡೆ, ಕಡೂರು ಕಡೆ ಕೆರೆ ಏರಿಯ ಮೇಲೋ ಆಲದ ಮರದ ಬುಡದಲ್ಲೋ ಒಂದು ವೀರಗಲ್ಲು ನಿಂತಿರುತ್ತದೆ. ಯಾರೋ ಅರಿಶಿನ ಕುಂಕುಮ ಹಚ್ಚಿರುತ್ತಾರೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೋರಾಟ: ಬಿಲ್ಲು, ಕತ್ತಿ, ಒಮ್ಮೊಮ್ಮೆ ಪಕ್ಕದಲ್ಲಿ ದನಗಳ ಹಿಂಡು. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಇಬ್ಬರು ಅಪ್ಸರೆಯರು ಎರಡೂ ಕಡೆ ಹಿಡಿದುಕೊಂಡು ಹೋಗುತ್ತಿರುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ದೇವರ ಮುಂದೆ ಕೂತಿರುತ್ತಾನೆ, ಹೆಚ್ಚಾಗಿ ಲಿಂಗದ ಎದುರು. ದನ ಇದ್ದರೆ ಅದು ತುರುಗೋಳು. ಯಾರೋ ಊರ ದನ ಹೊಡೆದುಕೊಂಡು ಹೋಗಲು ಬಂದಾಗ ಇವನು ಅಡ್ಡ ನಿಂತು ಸತ್ತಿದ್ದಾನೆ. ಇವನು ಯಾವ ರಾಜನೂ ಅಲ್ಲ. ಊರಿನ ಒಬ್ಬ ಗೌಡನೋ, ದನ ಕಾಯುವವನೋ ಇರಬಹುದು. ದನ ಎಂದರೆ ಆಗ ಎಷ್ಟು ದೊಡ್ಡ ಆಸ್ತಿ, ಅದಕ್ಕಾಗಿ ಪ್ರಾಣ ಕೊಟ್ಟವನಿಗೆ ಊರು ಏನು ಗೌರವ ಕೊಡುತ್ತಿತ್ತು, ಎಲ್ಲಾ ಆ ಮೂರು ಪಟ್ಟಿಯಲ್ಲಿದೆ.

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ಪಕ್ಕದಲ್ಲೇ ಇದೆ. ಬೇಲೂರಿಗಿಂತ ಹಳೆಯದು. ಅದನ್ನು ಕಟ್ಟಿಸಿದ್ದು ಕಲ್ಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ರಾಜನ ಖಜಾನೆಯಿಂದ ಅಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಪಕ್ಕದಲ್ಲಿರುವ ಒಂದು ಕಂಬವನ್ನು ಬಸ್ಸಿನಲ್ಲಿ ಬಂದವರು ಸಾಮಾನ್ಯವಾಗಿ ನೋಡುವುದೇ ಇಲ್ಲ. ಕುವರ ಲಕ್ಷ್ಮ ಎಂಬುವನ ನೆನಪಿನ ಕಂಬ ಅದು. ಅವನು ಎರಡನೇ ಬಲ್ಲಾಳನ ಗರುಡ. ಗರುಡರು ಅಂದರೆ ಒಡೆಯ ಸತ್ತರೆ ತಾವೂ ಸಾಯುತ್ತೇವೆ ಎಂದು ಭಾಷೆ ಕೊಟ್ಟ ಅಂಗರಕ್ಷಕರು. 1220ರಲ್ಲಿ ಬಲ್ಲಾಳ ಸತ್ತ. ಲಕ್ಷ್ಮ, ಅವನ ಹೆಂಡತಿ, ಜೊತೆಯ ಗರುಡರು ಎಲ್ಲರೂ ಮಾತು ಉಳಿಸಿಕೊಂಡರು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಆಳುಗಳ ಕೆತ್ತನೆ ಇದೆ. ಹುಡುಗಿಯೊಬ್ಬಳು ಅದನ್ನು ನೋಡಿ, "ಹೆಂಡತಿಯನ್ನು ಯಾರಾದರೂ ಕೇಳಿದ್ರಾ ಸಾರ್?" ಅಂದಳು. ಶಾಸನ ಅವಳೂ ಒಪ್ಪಿಯೇ ಸತ್ತಳು ಎಂಬಂತೆ ಹೊಗಳುತ್ತದೆ. ಅವಳ ಮಾತು ಅಲ್ಲಿ ಇಲ್ಲ. ಶಾಸನ ಯಾರ ಪರವಾಗಿ ಮಾತಾಡುತ್ತದೆ, ಯಾರನ್ನು ಸುಮ್ನೆ ಇರಿಸುತ್ತದೆ ಎಂದು ಕೇಳುವುದನ್ನು ನಾನು ಕಲಿಸಬೇಕಾಗಿಯೇ ಬರಲಿಲ್ಲ.

ಬಾಯಿಮಾತು ಇತಿಹಾಸ ಆಗುತ್ತಾ?

ಆಗುತ್ತದೆ. ಆದರೆ ಒಬ್ಬರ ಮಾತು ಸಾಲದು.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೇ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆ ಬರುವುದನ್ನು ಫೋಟೋ ತೆಗೆಯಲು ಬೆಂಗಳೂರಿನಿಂದ ಜನ ಬರುತ್ತಾರೆ. ಅದರ ಸುತ್ತ ಇದ್ದ ಊರಿನವರು ಎಲ್ಲಿಗೆ ಹೋದರು ಎಂದು ಕೇಳುವವರು ಕಡಿಮೆ. ಆ ಊರುಗಳ ಮೊಮ್ಮಕ್ಕಳು ನಮ್ಮ ಶಾಲೆಗಳಲ್ಲೇ ಓದುತ್ತಿದ್ದಾರೆ. ಮನೆಯಲ್ಲಿ ಅಜ್ಜನನ್ನು ಕೇಳಿ, ಪಕ್ಕದ ಮನೆಯ ಅಜ್ಜಿಯನ್ನೂ ಕೇಳಿ, ಆಮೇಲೆ ಸಿಕ್ಕ ಕಾಗದಗಳನ್ನು ನೋಡಿ. ಪರಿಹಾರದ ದುಡ್ಡು, ಬದಲಿ ಜಮೀನು, ಹೊರಟ ದಿನ ಯಾರು ಏನು ಹೊತ್ತುಕೊಂಡರು, ಇದರಲ್ಲಿ ಎಲ್ಲಿ ಮಾತು ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ಬರೆದುಕೊಳ್ಳಿ. ಬೇರೆಯಾಗುವ ಜಾಗದಲ್ಲೇ ವಿಷಯ ಇರುತ್ತದೆ.

ಚಿಕ್ಕಮಗಳೂರಿನವರಿಗೆ 1978ರ ಉಪಚುನಾವಣೆ ಇದೆ. ಇಂದಿರಾ ಗಾಂಧಿ ಇಲ್ಲಿಂದ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ನಿಮ್ಮೂರಿಗೆ ಬಂದಿದ್ರಾ, ಯಾರ ಜೀಪು, ಏನು ಮಾತಾಡಿದರು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. ಪ್ರತಿ ತೋಟದಲ್ಲೂ ಅವರು ಕಾಫಿ ಕುಡಿದಿರುತ್ತಾರೆ! ಎಲ್ಲವೂ ನಿಜ ಆಗಲು ಸಾಧ್ಯವಾ ಎಂದು ಹಳೆಯ ಪತ್ರಿಕೆಗಳ ಜೊತೆ ಇಟ್ಟು ನೋಡುವುದು ಹತ್ತನೇ ಕ್ಲಾಸಿಗೆ ಒಳ್ಳೆಯ ಪ್ರಾಜೆಕ್ಟು.

ವಾಟ್ಸಾಪಿನಲ್ಲಿ ಬರುವ ಇತಿಹಾಸವನ್ನು ಮಕ್ಕಳು ನಂಬಿಬಿಡುತ್ತಾರೆ. ಏನು ಮಾಡೋಣ?

ನಿಜ ಹೇಳಬೇಕೆಂದರೆ ಮಕ್ಕಳಿಗಿಂತ ಅಪ್ಪಂದಿರೇ ಜಾಸ್ತಿ ನಂಬುತ್ತಾರೆ. ಹಳೇಬೀಡಿನಲ್ಲಿ ಕಲ್ಲು ಕರಗಿಸಿ ಅಚ್ಚಿಗೆ ಸುರಿದಿದ್ದಾರೆ, ಉಳಿಯಿಂದ ಇಷ್ಟು ನಾಜೂಕು ಸಾಧ್ಯವೇ ಇಲ್ಲ ಎನ್ನುವ ವಿಡಿಯೋ ನೀವೂ ನೋಡಿರಬಹುದು. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದೇ ದೇವಸ್ಥಾನದಲ್ಲಿ ಅರ್ಧಕ್ಕೆ ಬಿಟ್ಟ ಕೆತ್ತನೆಗಳೂ ಇವೆ. ಅಚ್ಚಿಗೆ ಸುರಿದಿದ್ದರೆ ಅರ್ಧ ಕೆತ್ತಿದ್ದು ಎಲ್ಲಿಂದ ಬಂತು? ಮುಂದಿನ ಸಲ ಹೋದಾಗ ಅದನ್ನು ಹುಡುಕಲು ಹೇಳಿ.

"ಕನ್ನಡದ ಮೊಟ್ಟಮೊದಲ ಶಾಸನ" ಎನ್ನುವ ಮೆಸೇಜೂ ಹಾಗೇ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 16 ಸಾಲಿನ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಅದರಲ್ಲಿ ತಾರೀಖು ಇಲ್ಲ, ಲಿಪಿ ನೋಡಿ ಸುಮಾರು 450 ಎಂದು ಹೇಳಿದ್ದು. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ 2013ರಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಸುಮಾರು 370ರದ್ದು, ಅದೇ ಹಳೆಯದು ಎಂಬ ವಾದ ಬಂದಿದೆ. ನಮ್ಮ ಜಿಲ್ಲೆಯ ಹೆಮ್ಮೆ ಹೋಯಿತಲ್ಲ ಎಂದು ಕೆಲವರಿಗೆ ಸಂಕಟ. ಹೊಸ ಸಾಕ್ಷಿ ಸಿಕ್ಕಾಗ ಮಾತು ಬದಲಾಗಬೇಕಾದದ್ದೇ. ಹಲ್ಮಿಡಿ ಕಲ್ಲಿನ ಬೆಲೆ ಅದರಿಂದ ಒಂದು ಅಕ್ಷರವೂ ಕಡಿಮೆ ಆಗಲಿಲ್ಲ.

ಜಗಳ ತರುವ ವಿಷಯಗಳನ್ನು ಶಾಲೆಯಲ್ಲಿ ಯಾಕೆ ಎತ್ತಬೇಕು?

ಟಿಪ್ಪು, ಬಾಬಾಬುಡನ್‌ಗಿರಿ, ಗುಡಿ, ಬಸದಿ. ಶಾಲೆಯಲ್ಲಿ ಎತ್ತದಿದ್ದರೆ ಮಕ್ಕಳು ಇವನ್ನು ಬೀದಿಯಲ್ಲಿ ಕಲಿಯುತ್ತಾರೆ. ಅಲ್ಲಿ ದನಿ ಎತ್ತಿದವನೇ ಮೇಷ್ಟ್ರು.

ಮಂಜರಾಬಾದ್ ಕೋಟೆಗೆ ಹೋದಾಗ ಟಿಪ್ಪು ಒಳ್ಳೆಯವನಾ ಕೆಟ್ಟವನಾ ಎಂದು ಶುರು ಮಾಡಿದರೆ ಪಾಠ ಅಲ್ಲಿಗೇ ಮುಗಿಯಿತು. ಈ ಕೋಟೆ ನಕ್ಷತ್ರದ ಆಕಾರದಲ್ಲಿ ಯಾಕಿದೆ, ಈ ಗುಡ್ಡವೇ ಯಾಕೆ, ಇಲ್ಲಿಂದ ಯಾವ ದಾರಿ ಕಾಣುತ್ತದೆ ಎಂದು ಕೇಳಿ. ಫಿರಂಗಿ, ಫ್ರೆಂಚರ ಕೋಟೆ ಕಟ್ಟುವ ರೀತಿ, ಮಂಗಳೂರಿನ ಘಾಟಿ ದಾರಿ, ಇಂಗ್ಲಿಷರ ಜೊತೆಗಿನ ಯುದ್ಧ ಒಂದೊಂದಾಗಿ ಬರುತ್ತವೆ. ಕಷ್ಟದ ಪ್ರಶ್ನೆಯನ್ನು ಆಮೇಲೆ ಎತ್ತಿದರೆ ಕೈಯಲ್ಲಿ ಏನಾದರೂ ಇರುತ್ತದೆ.

ಶ್ರವಣಬೆಳಗೊಳದಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಆಗಿ, ಜೈನರು ರಾಜನ ಹತ್ತಿರ ದೂರು ಹೇಳಿಕೊಂಡರು. ಬುಕ್ಕ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಎಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಜೈನರ ಮನೆಗೆ ವರ್ಷಕ್ಕೆ ಒಂದು ಹಣ ಎತ್ತಬೇಕು, ಅದರಲ್ಲಿ ಬೆಳಗೊಳದ ದೇವರಿಗೆ 20 ಕಾವಲುಗಾರರನ್ನು ಇಡಬೇಕು, ಮಿಕ್ಕ ದುಡ್ಡಿನಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು ಎಂದು ಕಟ್ಟು ಮಾಡಿದ. ಇದನ್ನು ಸೌಹಾರ್ದದ ಕಥೆ ಎಂದು ವೇದಿಕೆಯಲ್ಲಿ ಹೇಳುತ್ತಾರೆ, ತಪ್ಪಿಲ್ಲ. ನನಗೆ ಇಷ್ಟವಾಗುವುದು ಆ ಸುಣ್ಣದ ಲೆಕ್ಕ. ಒಳ್ಳೆಯ ಮಾತು ಆಡಿದ ಮೇಲೆ ದುಡ್ಡು ಯಾರು ಕೊಡಬೇಕು, ಕಾವಲು ಯಾರು ಕಾಯಬೇಕು ಎಂದೂ ಕಲ್ಲಿನಲ್ಲಿ ಬರೆಸಿದ್ದಾನೆ.

ನಮ್ಮೂರಿನ ಹೆಸರು ಪುಸ್ತಕದಲ್ಲೇ ಇಲ್ಲವಲ್ಲ?

ಆ ಪುಸ್ತಕದಲ್ಲಿ ಇಲ್ಲ, ಇನ್ನೊಂದರಲ್ಲಿ ಇರಬಹುದು. ಬಿ.ಎಲ್. ರೈಸ್ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಊರೂರಿನ ಶಾಸನ ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ತಂದರು. 5ನೇ ಸಂಪುಟ ಹಾಸನ ಜಿಲ್ಲೆಯದು, 6ನೆಯದು ಕಡೂರು ಜಿಲ್ಲೆಯದು. ಚಿಕ್ಕಮಗಳೂರು ಜಿಲ್ಲೆಗೆ ಆಗ ಅದೇ ಹೆಸರು. ಶ್ರವಣಬೆಳಗೊಳಕ್ಕೇ ಬೇರೆ ಒಂದು ಸಂಪುಟ ಇದೆ. ಮೈಸೂರು ವಿಶ್ವವಿದ್ಯಾಲಯ ಪರಿಷ್ಕರಿಸಿದ ಸಂಪುಟಗಳನ್ನೂ ತಂದಿದೆ. ಹಳೆಯವು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ತಾಲ್ಲೂಕಿನ ಪ್ರಕಾರ ಜೋಡಿಸಿರುವುದರಿಂದ ಹುಡುಕುವುದು ಕಷ್ಟವಿಲ್ಲ. ನಿಮ್ಮೂರಿನ ಕೆರೆ ಕಟ್ಟಿಸಿದವರ ಹೆಸರು ಅಲ್ಲಿ ಸಿಕ್ಕರೂ ಸಿಗಬಹುದು.

ಇತಿಹಾಸ ತೆಗೆದುಕೊಂಡರೆ ಕೆಲಸ ಸಿಗುತ್ತಾ?

ಬರೀ ಬಿ.ಎ. ಮುಗಿಸಿದ ಮಾತ್ರಕ್ಕೆ ಕೆಲಸ ಬಾಗಿಲಿಗೆ ಬರುವುದಿಲ್ಲ. ಸುಮ್ನೆ ಆಸೆ ಹುಟ್ಟಿಸುವುದು ಬೇಡ. ಕೆಎಎಸ್, ಐಎಎಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗಳ ಸಾಮಾನ್ಯ ಜ್ಞಾನದಲ್ಲಿ ಇತಿಹಾಸ ಬರುತ್ತದೆ, ಅಲ್ಲಿ ಸಹಾಯ ಆಗುತ್ತದೆ. ಪಿಯುನಲ್ಲಿ ಹೆಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಂಡವರಲ್ಲಿ ಹಲವರ ಕಣ್ಣು ಅದರ ಮೇಲೇ. ಎಂ.ಎ., ಬಿ.ಇಡಿ. ಮಾಡಿ ಮೇಷ್ಟ್ರಾಗಬಹುದು, ನೇಮಕಾತಿಗೆ ಕಾಯುವ ತಾಳ್ಮೆ ಇದ್ದರೆ.

ಶಾಸನ ಓದುವುದು ಅಪರೂಪದ ವಿದ್ಯೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ ಇರುವುದೇ ಮೈಸೂರಿನಲ್ಲಿ, ರಾಜ್ಯದ ಪುರಾತತ್ವ ಇಲಾಖೆಯೂ ಅಲ್ಲೇ. ಹಳಗನ್ನಡ, ಸಂಸ್ಕೃತ ಗಟ್ಟಿ ಇರುವವರು ಕಡಿಮೆ ಆಗುತ್ತಿದ್ದಾರೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಗೈಡ್, ಹೋಂಸ್ಟೇ, ಪ್ರವಾಸದ ಕೆಲಸಕ್ಕೆ ಊರಿನ ಕಥೆ ಸರಿಯಾಗಿ ಗೊತ್ತಿರುವವರು ಬೇಕು.

ಮಗಳು ಸೈನ್ಸ್ ತೆಗೆದುಕೊಳ್ಳುತ್ತಾಳೆ. ಅವಳಿಗೆ ಇದು ದಂಡ ಅಲ್ವಾ?

ಎಸ್ಸೆಸ್ಸೆಲ್ಸಿವರೆಗೆ ಓದಲೇಬೇಕು, ಅದರಲ್ಲಿ ಆಯ್ಕೆ ಇಲ್ಲ. ಆಮೇಲೆ ಅವಳು ಡಾಕ್ಟರಾದರೆ, ರೋಗಿ ಹೇಳಿದ್ದೂ ರಿಪೋರ್ಟು ಹೇಳಿದ್ದೂ ತಾಳೆ ಆಗದಿದ್ದಾಗ ಇದೇ ಅಭ್ಯಾಸ ಬೇಕಾಗುತ್ತದೆ.

ತೋಟದಲ್ಲಿ, ಹೊಲದಲ್ಲಿ ಬರಹ ಇರುವ ಕಲ್ಲು ಸಿಕ್ಕಿದೆ. ಏನು ಮಾಡಬೇಕು?

ಮೊದಲು, ಅಲ್ಲಾಡಿಸಬೇಡಿ. ಕಲ್ಲು ಎಲ್ಲಿತ್ತು ಎನ್ನುವುದೇ ಅರ್ಧ ಸುದ್ದಿ. ಬಣ್ಣ ಹೊಡೆಯಬೇಡಿ, ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತಿಕ್ಕಬೇಡಿ, ತಂತಿ ಬ್ರಷ್ಷು ಮುಟ್ಟಿಸಲೇಬೇಡಿ. ಮಣ್ಣು ಇದ್ದರೆ ನೀರು ಹಾಕಿ ಮೆತ್ತಗೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತವೆ. ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಕಲ್ಲಿನ ಪಕ್ಕ ಒಂದು ಸ್ಕೇಲು ಇಡಿ, ಹಿಂಭಾಗದ ಫೋಟೋ ಕೂಡ ತೆಗೆಯಿರಿ, ಸರ್ವೆ ನಂಬರು ಬರೆದಿಡಿ.

ಆಮೇಲೆ ಹತ್ತಿರದ ಕಾಲೇಜಿನ ಇತಿಹಾಸ ಅಥವಾ ಕನ್ನಡ ವಿಭಾಗಕ್ಕೆ ತೋರಿಸಿ, ತಾಲ್ಲೂಕು ಕಚೇರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ನಿಧಿ ಇದೆ ಎಂದು ಯಾರಾದರೂ ರಾತ್ರಿ ಗುದ್ದಲಿ ತೆಗೆದುಕೊಂಡು ಬಂದರೆ ಪೊಲೀಸರಿಗೆ ಫೋನ್ ಮಾಡಿ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಯಾವ ಗದ್ದೆಯನ್ನು ಯಾವ ಗುಡಿಗೆ ಬಿಟ್ಟರು, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬ ವಿವರ. ಓದಿ ಹೇಳುವವರು ಬಂದಾಗ ಮಕ್ಕಳನ್ನು ಜೊತೆಗೆ ನಿಲ್ಲಿಸಿ.